ಕೆಂಪು ಇಂಕಿನ ನಾಲ್ಕು ಎಂಟ್ರಿ

ನಮ್ಮ ಕಾಕಾನ ಟ್ರಂಕು ವರ್ಷಗಟ್ಟಲೆ ಅಟ್ಟದ ಮೇಲೇ ಇತ್ತು. ಕಪ್ಪು ಟ್ರಂಕು, ಮೇಲೆ ಬಿಳಿ ಪೇಂಟಿನಲ್ಲಿ ಅವರ ನಂಬರು, ಹೆಸರು. ಹೋದ ದೀಪಾವಳಿಗೆ ಮನೆಗೆ ಸುಣ್ಣ ಹೊಡೆಯುವಾಗ ನಾನು ಅದನ್ನು ಕೆಳಗಿಳಿಸಿದೆ. "ತಮ್ಮಾ, ಅದನ್ನ ತಗೀಬ್ಯಾಡ" ಅಂದರು. ಅಷ್ಟೊತ್ತಿಗೆ ತೆಗೆದಾಗಿತ್ತು. ಮಡಚಿಟ್ಟ ಯೂನಿಫಾರ್ಮಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಡಿಸ್ಚಾರ್ಜ್ ಬುಕ್, ಅಂದರೆ ಸೈನ್ಯದಿಂದ ಬಿಡುಗಡೆಯಾದವರಿಗೆ ಕೊಡುವ ದಾಖಲೆ ಪುಸ್ತಕ. ಬಿಡುಗಡೆಯ ಕಾರಣ ಬರೆಯುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು: ಇವರ ಸೇವೆ ಇನ್ನು ಬೇಕಾಗಿಲ್ಲ.

ಊರಲ್ಲಿ ಅವರು ಹೇಳಿಕೊಂಡಿದ್ದು, "ಸಾಕಾಗಿತ್ತು, ಬಿಟ್ಟು ಬಂದೆ" ಅಂತ. ನಾವೂ ನಂಬಿದ್ದೆವು. ಸಿಪಾಯಿಗೆ ಪಿಂಚಣಿ ಸಿಗಲು 15 ವರ್ಷ ಸೇವೆ ಆಗಬೇಕು. ಕಾಕಾನದು 12 ಆಗಿತ್ತು. ಇನ್ನು ಮೂರು ವರ್ಷ ಇರುವಾಗ ಯಾರಾದರೂ ಸುಮ್ನೆ ಬಿಟ್ಟು ಬರುತ್ತಾರಾ? ಈ ಪ್ರಶ್ನೆ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೆ ಅದು ಇವತ್ತಿಗೂ ಚುಚ್ಚುತ್ತದೆ.

ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಆಗಿದ್ದು ಇಷ್ಟು. 12 ವರ್ಷದಲ್ಲಿ ನಾಲ್ಕು ರೆಡ್ ಇಂಕ್ ಎಂಟ್ರಿ. ಸೈನ್ಯದಲ್ಲಿ ಶಿಕ್ಷೆಯಾದರೆ ದಾಖಲೆಯಲ್ಲಿ ಕೆಂಪು ಇಂಕಿನಲ್ಲಿ ಬರೆಯುತ್ತಾರೆ, ಅದಕ್ಕೆ ಆ ಹೆಸರು. ಮೂರು ಎಂಟ್ರಿ ರಜೆ ಮುಗಿದ ಮೇಲೂ ಊರಲ್ಲೇ ಉಳಿದಿದ್ದಕ್ಕೆ. ಒಮ್ಮೆ ನಮ್ಮಜ್ಜ ತೀರಿಕೊಂಡಾಗ. ಒಮ್ಮೆ ಕಾಕುವಿನ ಹೆರಿಗೆ ಕಷ್ಟವಾಗಿ ಆಸ್ಪತ್ರೆಯಲ್ಲಿದ್ದಾಗ. ಇನ್ನೊಮ್ಮೆ ಹೊಳೆ ಬಂದು ಮನೆಯ ಗೋಡೆ ಬಿದ್ದಾಗ. ನಾಲ್ಕನೆಯದು ಕುಡಿದಿದ್ದಕ್ಕೆ. ಅದು ಅವರದೇ ತಪ್ಪು, ಅವರೂ ಇಲ್ಲ ಅನ್ನುವುದಿಲ್ಲ.

ನಾಲ್ಕು ಆದ ಕೂಡಲೇ ಯೂನಿಟ್ಟಿನಲ್ಲಿ ಒಂದು ನೋಟಿಸು ಕೊಟ್ಟರು, ಉತ್ತರ ಬರೆಸಿಕೊಂಡರು, ಮನೆಗೆ ಕಳಿಸಿದರು. ವಿಚಾರಣೆ ಅಂತ ಯಾರೂ ಕೂರಿಸಿ ಕೇಳಲಿಲ್ಲವಂತೆ.

ಶಿಸ್ತು ಇಲ್ಲದೆ ಸೈನ್ಯ ನಡೆಯುತ್ತದಾ ಅಂತ ಕೇಳುವವರಿದ್ದಾರೆ. ನಡೆಯುವುದಿಲ್ಲ, ಒಪ್ಪಿದೆ. ಆದರೆ ಆ ನಾಲ್ಕೂ ತಪ್ಪಿಗೆ ಆಗಲೇ ಶಿಕ್ಷೆ ಆಗಿತ್ತು. ಅದನ್ನು ಅನುಭವಿಸಿ ಮತ್ತೆ ಡ್ಯೂಟಿಗೆ ನಿಂತಿದ್ದರು. ಅವೇ ನಾಲ್ಕನ್ನು ಕೂಡಿಸಿ ಐದನೆಯ ಶಿಕ್ಷೆ ಕೊಟ್ಟಿದ್ದು ಎಂಥದ್ದು ನೋಡಿ: ಪಿಂಚಣಿ ಇಲ್ಲ, ಮಾಜಿ ಸೈನಿಕರ ಆಸ್ಪತ್ರೆ ಸೌಲಭ್ಯ ಇಲ್ಲ, ಕ್ಯಾಂಟೀನ್ ಕಾರ್ಡ್ ಇಲ್ಲ, ಮಾಜಿ ಸೈನಿಕ ಅಂತ ಹೇಳಿಕೊಳ್ಳುವ ಹಕ್ಕೂ ಇಲ್ಲ. ಎಟಿಎಂ ಮುಂದೆ ಕಾವಲು ನಿಲ್ಲುವ ಕೆಲಸಕ್ಕೂ ಡಿಸ್ಚಾರ್ಜ್ ಬುಕ್ ಕೇಳುತ್ತಾರೆ. ಕಾಕಾ ಎಲ್ಲೂ ತೋರಿಸಲಿಲ್ಲ. ಮಂಜುಗಡ್ಡೆಯ ನಡುವೆ ಪೋಸ್ಟ್ ಕಾದ ಮನುಷ್ಯ ಅಡತಿ ಅಂಗಡಿಯಲ್ಲಿ ಚೀಲ ಹೊತ್ತರು.

ನನಗೆ ಸಿಟ್ಟು ಬಂದಿದ್ದು ಆಮೇಲೆ, ವಕೀಲರ ಹತ್ತಿರ ಕೂತಾಗ. ನಾಲ್ಕು ಎಂಟ್ರಿ ಆದರೆ ಮನೆಗೆ ಕಳಿಸಲೇಬೇಕು ಅಂತ ನಿಯಮವೇ ಇಲ್ಲ! 1988ರ ಡಿಸೆಂಬರಿನಲ್ಲೇ ಸೇನಾ ಮುಖ್ಯ ಕಚೇರಿ ಒಂದು ಪತ್ರ ಹೊರಡಿಸಿದೆ. ಮೊದಲು ವಿಚಾರಣೆ ಆಗಬೇಕು. ಎಷ್ಟು ವರ್ಷ ದುಡಿದಿದ್ದಾನೆ, ಎಂಥ ಕಷ್ಟದ ಜಾಗದಲ್ಲಿ ಇದ್ದ, ಪಿಂಚಣಿಗೆ ಎಷ್ಟು ಹತ್ತಿರ ಇದ್ದಾನೆ ಅನ್ನೋದನ್ನು ನೋಡಬೇಕು. 2015ರಲ್ಲಿ, ಹೀಗೇ ಮನೆಗೆ ಕಳಿಸಿದ್ದ ಸೈನಿಕ ವೀರೇಂದ್ರ ಕುಮಾರ್ ದುಬೆ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅವರ ಬಿಡುಗಡೆ ಆದೇಶ ರದ್ದಾಯಿತು. ಹಿಂದಿನ ಸಂಬಳ ಸಿಗಲಿಲ್ಲ. ಆದರೆ ಪಿಂಚಣಿಗೆ ಬೇಕಾದಷ್ಟು ವರ್ಷ ಸೇವೆಯಲ್ಲೇ ಇದ್ದರು ಅಂತ ಲೆಕ್ಕ ಹಿಡಿದು ಪಿಂಚಣಿ ಕೊಡಿ ಅಂತು ಕೋರ್ಟು.

ಆ ತೀರ್ಪು ಬಂದಾಗ ಕಾಕಾ ಚೀಲ ಹೊರುತ್ತಿದ್ದರು. ಅವರಿಗೆ ಯಾರು ಹೇಳಬೇಕಿತ್ತು?

ನಾನು ಕೇಳುವುದು ಇಷ್ಟೇ. ಇಂಥ ಡಿಸ್ಚಾರ್ಜ್ ಕಾಗದವನ್ನು ಮತ್ತೊಮ್ಮೆ ಓದುವ ಒಂದು ಮಂಡಳಿ ನಮ್ಮಲ್ಲೂ ಬೇಕು. ಈಗ ಏನಿದ್ದರೂ ಕೇಸು ಹಾಕಬೇಕು. ಸೈನಿಕರಿಗಾಗಿಯೇ 2007ರ ಕಾಯ್ದೆಯಿಂದ ಟ್ರಿಬ್ಯೂನಲ್, ಅಂದರೆ ಪ್ರತ್ಯೇಕ ನ್ಯಾಯಮಂಡಳಿ ಬಂತು, ಒಳ್ಳೆಯದೇ ಆಯಿತು. ಆದರೆ ಅಲ್ಲಿಗೆ ಆರು ತಿಂಗಳೊಳಗೆ ಹೋಗಬೇಕು. ತಡವಾದರೆ ಯಾಕೆ ತಡ ಅಂತ ಒಪ್ಪಿಸಬೇಕು. ನಾಚಿಕೆಯಿಂದ ಹೆಂಡತಿಗೂ ಹೇಳದವನು ಆರು ತಿಂಗಳಲ್ಲಿ ವಕೀಲರನ್ನು ಹುಡುಕುತ್ತಾನಾ? ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. ಗೋಕಾಕದ ಹಳ್ಳಿಯವನಿಗೆ ಕೊಚ್ಚಿ ಅಂದರೆ ಸಣ್ಣ ದಾರಿಯಲ್ಲ.

ಅಮೆರಿಕದಲ್ಲಿ ಇದಕ್ಕೇ ಅಂತ ಮಂಡಳಿಗಳಿವೆ. ಕೆಟ್ಟ ಡಿಸ್ಚಾರ್ಜ್ ಆದವನು 15 ವರ್ಷದೊಳಗೆ ಒಂದು ಫಾರಂ ತುಂಬಿ, ನನ್ನ ಕಾಗದ ಸರಿ ಮಾಡಿ ಅಂತ ಕೇಳಬಹುದು. ವಕೀಲರು ಇರಲೇಬೇಕು ಅಂತಿಲ್ಲ. ವಿಯೆಟ್ನಾಂ ಯುದ್ಧದಿಂದ ಮನಸ್ಸು ಕೆಟ್ಟು ತಪ್ಪು ಮಾಡಿದವರ ಅರ್ಜಿಯನ್ನು ಉದಾರವಾಗಿ ನೋಡಿ ಅಂತ 2014ರಲ್ಲಿ ಅಲ್ಲಿನ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಸೂಚನೆಯನ್ನೂ ಕೊಟ್ಟರು. ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. 1906ರಲ್ಲಿ ಟೆಕ್ಸಾಸಿನ ಬ್ರೌನ್ಸ್‌ವಿಲ್‌ನಲ್ಲಿ ಗುಂಡು ಹಾರಿಸಿದರು ಅಂತ 167 ಕಪ್ಪು ಸೈನಿಕರನ್ನು ವಿಚಾರಣೆಯೇ ಇಲ್ಲದೆ ಹೊರಗೆ ಹಾಕಿದ್ದರು. ಅವರ ಕಾಗದ ಸರಿಯಾಗಿದ್ದು 1972ರಲ್ಲಿ. ಅಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡಿದ್ದರು. ಆದರೂ ಬರೆದದ್ದನ್ನು ತಿದ್ದಬಹುದು ಅನ್ನೋ ಮನಸ್ಸು ಅಲ್ಲಿ ಒಂದು ಕಚೇರಿಯ ರೂಪದಲ್ಲಿ ಇದೆ ಅಲ್ವಾ? ನಮ್ಮಲ್ಲಿ ಆ ಭಾರವೆಲ್ಲ ಸಿಪಾಯಿಯ ತಲೆ ಮೇಲೆ.

ನಾವು ಅರ್ಜಿ ಹಾಕಿದ್ದೇವೆ. ತಡವಾಗಿದ್ದಕ್ಕೆ ಕ್ಷಮೆ ಕೋರುವ ಅರ್ಜಿಯೂ ಜೊತೆಗಿದೆ. ಮೊದಲ ಸಲ ಸಹಿ ಹಾಕುವಾಗ ಕಾಕಾನ ಕೈ ನಡುಗಿತು. "ಅದರಾಗ ನಾ ಕುಡದಿದ್ದೂ ಬರೀರಿ, ಮುಚ್ಚಿಡಬ್ಯಾಡ್ರಿ" ಅಂತ ವಕೀಲರಿಗೆ ಹೇಳಿದರು. ಬರೆದಿದ್ದೇವೆ.

ನಿಮ್ಮ ಮನೆಯಲ್ಲೂ ಹೀಗೆ ಅರ್ಧಕ್ಕೆ ಬಂದ ಕಾಕಾ, ಮಾವ, ಅಣ್ಣ ಯಾರಾದರೂ ಇದ್ದರೆ ಮೆಲ್ಲಗೆ ಕೇಳಿ. ಡಿಸ್ಚಾರ್ಜ್ ಬುಕ್ ತೆಗೆಸಿ ನೋಡಿ. ನೋಟಿಸು, ಅದಕ್ಕೆ ಕೊಟ್ಟ ಉತ್ತರ, ಏನು ಸಿಕ್ಕರೂ ಎತ್ತಿಡಿ. ವಿಚಾರಣೆ ಆಗಿತ್ತಾ ಇಲ್ವಾ ಅನ್ನೋದನ್ನು ಮೊದಲು ಕೇಳಿ. ನನಗೆ ಮೆಸೇಜ್ ಮಾಡಿದರೆ ನಾವು ಹಾಕಿದ ಅರ್ಜಿಯ ನಮೂನೆ ಕಳಿಸುತ್ತೇನೆ.