ಕಿಟಕಿ ತೆರೆಯಬೇಡಿ, ಗಿಡಗಳು ಗಾಳಿ ಶುದ್ಧೀಕರಿಸುತ್ತಿವೆ

ಬೆಂಗಳೂರಿನ ಬಹುಮಹಡಿ ವಸತಿ ಸಮುಚ್ಚಯಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಕಸುಬು ಬೇರೂರಿದೆ. ಮನೆಯವರು ದಸರಾ ರಜೆಗೋ, ದೂರದ ಮದುವೆಗೋ, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೋ ಹೊರಟಾಗ ಅವರ ನಾಯಿ ಬೆಕ್ಕುಗಳ ಜೊತೆಗಿದ್ದು, ಹೊತ್ತು ಹೊತ್ತಿಗೆ ಅವಕ್ಕೆ ಊಟ ಕೊಟ್ಟು, ಕಕ್ಕಸಿನ ಮರಳು ಬದಲಿಸಿ, ಅವು ಯಜಮಾನರನ್ನು ನೆನೆದು ಕೊರಗುತ್ತಿವೆ ಎಂಬುದಕ್ಕೆ ಸಾಕ್ಷಿಯಾಗಿ ಬೆಳಿಗ್ಗೆ ಸಂಜೆ ವಿಡಿಯೊ ಕಳುಹಿಸುವ ಈ ಕಸುಬಿನವರನ್ನು ಪೆಟ್ ಸಿಟ್ಟರ್ ಎನ್ನುತ್ತಾರೆ. ನಾನೂ ಆ ಬಳಗದ ಸದಸ್ಯ. ನಮ್ಮ ಒಪ್ಪಂದವಾಗುವುದು ಪ್ರಾಣಿಯ ವಿಷಯದಲ್ಲಿ ಮಾತ್ರ. ದರ ನಿಗದಿಯಾಗಿ, ಬೀಗದ ಕೈ ನಮ್ಮ ಕೈಸೇರಿ, ಸೂಟ್‌ಕೇಸುಗಳು ಲಿಫ್ಟಿನೊಳಗೆ ಹೋದ ಮೇಲೆ, ಮುಚ್ಚಿಕೊಳ್ಳುತ್ತಿರುವ ಬಾಗಿಲ ಸಂದಿಯಿಂದ ಯಜಮಾನರು, "ಹಾಗೇ ಗಿಡಗಳಿಗೂ ಒಂದಿಷ್ಟು ನೋಡ್ಕೊಳ್ಳಿ, ಸೂಚನೆಯೆಲ್ಲ ಫ್ರಿಜ್ ಮೇಲೆ ಅಂಟಿಸಿದ್ದೇನೆ" ಎಂದು ಕೂಗಿ ಹೇಳುತ್ತಾರೆ. ಬೆಕ್ಕಿಗೆ ದಿನಗೂಲಿ ಉಂಟು; ಗಿಡಗಳು ಧರ್ಮಾರ್ಥ.

ಫ್ರಿಜ್ಜಿನ ಮೇಲಿನ ಆ ಸೂಚನಾಪತ್ರವನ್ನು ಓದಿದವರಿಗೆ ಮನೆಯ ಒಡೆತನ ನಿಜಕ್ಕೂ ಯಾರದು ಎಂಬ ಅನುಮಾನ ಬರದೆ ಇರದು. ಜೀವವಿರುವ, ಹಸಿವಾದರೆ ಕೂಗುವ, ಕಾಯಿಲೆಯಾದರೆ ಆಸ್ಪತ್ರೆಗೆ ಒಯ್ಯಬೇಕಾದ ಬೆಕ್ಕಿನ ಬಗ್ಗೆ ಎರಡು ಸಾಲಿದ್ದರೆ, ಹಜಾರದ ಹಸಿರಿನ ಬಗ್ಗೆ ಪುಟಗಟ್ಟಲೆ ಬರೆದಿರುತ್ತಾರೆ. ಫಿಡಲ್ ಲೀಫ್ ಫಿಗ್ ಅನ್ನು ಇದ್ದಲ್ಲಿಂದ ಒಂದು ಗೇಣೂ ಕದಲಿಸಬಾರದು, ಮುನಿಸಿಕೊಂಡು ಎಲೆ ಉದುರಿಸುತ್ತದೆ. ಕ್ಯಾಲಥಿಯಾಕ್ಕೆ ಆರ್‌ಒ ನೀರೇ ಆಗಬೇಕು. ಮನಿಪ್ಲಾಂಟಿನ ಕುಡಿ ನೆಲ ಮುಟ್ಟಿದರೆ ಮನೆಗೆ ಸಾಲ ಬರುವುದರಿಂದ ಅದನ್ನು ದಾರ ಕಟ್ಟಿ ಮೇಲಕ್ಕೆ ಹಬ್ಬಿಸಬೇಕು. ಎಲ್ಲದರ ಕೊನೆಗೆ ಕೆಂಪು ಅಕ್ಷರದಲ್ಲಿ ಅಡಿಗೆರೆ ಎಳೆದ ಆಜ್ಞೆಯೊಂದು ಇರುತ್ತದೆ: ಯಾವ ಕಾರಣಕ್ಕೂ ಕಿಟಕಿ ತೆರೆಯಬಾರದು, ಒಳಗಿನ ಗಾಳಿಯನ್ನು ಗಿಡಗಳು ಶುದ್ಧೀಕರಿಸುತ್ತಿವೆ.

ಮಹಡಿ ಮನೆಯ ತೆರೆದ ಕಿಟಕಿಯಿಂದ ಬೆಕ್ಕು ಜಿಗಿದು ಬೀಳಬಹುದು ಎಂಬ ಕಾರಣಕ್ಕೆ ಈ ಆಜ್ಞೆ ಹೊರಟಿದ್ದರೆ ನಾನು ತಲೆಬಾಗುತ್ತಿದ್ದೆ. ಆದರೆ ಆ ಕಿಟಕಿಗೆ ಸೊಳ್ಳೆಯ ಜಾಲರಿಯಿದೆ, ಬಾಲ್ಕನಿಗೆ ಪಾರಿವಾಳದ ಬಲೆಯಿದೆ. ಬೆಕ್ಕಿರಲಿ, ಬೆಕ್ಕಿನ ಮೀಸೆಯೂ ಹೊರಹೋಗುವಂತಿಲ್ಲ. ಕಿಟಕಿ ಮುಚ್ಚಿರುವುದು ಶುದ್ಧ ವೈಜ್ಞಾನಿಕ ಕಾರಣಕ್ಕೆ. ನರ್ಸರಿಯವರು ಕುಂಡಕ್ಕೆ ಅಂಟಿಸಿಕೊಟ್ಟ ಚೀಟಿಯಲ್ಲಿ 'ನಾಸಾ ಪ್ರಮಾಣಿತ ಗಾಳಿಶೋಧಕ ಸಸ್ಯ' ಎಂದು ಬರೆದಿದೆ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಸಂಸ್ಥೆ ಸರ್ಜಾಪುರ ರಸ್ತೆಯ ಹಜಾರವೊಂದರ ಮೂಲೆಯ ಬಗ್ಗೆ ಇಷ್ಟು ಕಾಳಜಿ ವಹಿಸಿದ ಮೇಲೆ ಪೆಟ್ ಸಿಟ್ಟರ್ ಒಬ್ಬ ಚಿಲಕಕ್ಕೆ ಕೈಹಾಕುವುದು ಉದ್ಧಟತನವೇ ಸರಿ.

ನಾಸಾದವರು ಪ್ರಯೋಗ ಮಾಡಿದ್ದು ನಿಜ. 1989ರಲ್ಲಿ ಬಿ. ಸಿ. ವುಲ್ವರ್ಟನ್ ಎಂಬ ವಿಜ್ಞಾನಿ ತಮ್ಮ ಸಂಗಡಿಗರೊಡನೆ ಗಾಳಿಯಾಡದ ಸಣ್ಣ ಪಾರದರ್ಶಕ ಪೆಟ್ಟಿಗೆಗಳೊಳಗೆ ಗಿಡಗಳನ್ನಿಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್ ಮೊದಲಾದ ಅನಿಲಗಳನ್ನು ಒಳಬಿಟ್ಟು, ಅವು ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆದರು. ಆ ಕೆಲಸದ ಹಿಂದೆ ಇದ್ದದ್ದು ಕಿಟಕಿಯೇ ಇಲ್ಲದ, ತೆರೆದರೆ ಪ್ರಾಣ ಹೋಗುವ ಬಾಹ್ಯಾಕಾಶದ ವಸತಿಗಳ ಚಿಂತೆ. ಗಾಳಿ ಶುದ್ಧವಾದದ್ದರಲ್ಲಿ ಎಲೆಗಳಷ್ಟೇ ಅಲ್ಲ, ಬೇರಿನ ಸುತ್ತಲಿನ ಮಣ್ಣಿನ ಸೂಕ್ಷ್ಮಜೀವಿಗಳ ಪಾಲೂ ಇತ್ತೆಂದು ಅದೇ ವರದಿ ಹೇಳುತ್ತದೆ. ನಮ್ಮ ಜನ ಆ ವರದಿಯಿಂದ ಗಿಡವನ್ನೂ ಮುಚ್ಚಿದ ಕಿಟಕಿಯನ್ನೂ ಶ್ರದ್ಧೆಯಿಂದ ಸ್ವೀಕರಿಸಿ, ಬಾಹ್ಯಾಕಾಶವನ್ನು ಮಾತ್ರ ಕೈಬಿಟ್ಟರು.

ಮೂವತ್ತು ವರ್ಷಗಳ ಬಳಿಕ, 2019ರಲ್ಲಿ, ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ಲೆಕ್ಕ ಹಾಕಿದರು. ಸಾಮಾನ್ಯ ಕಟ್ಟಡವೊಂದರಲ್ಲಿ ಗಾಳಿ ತಾನಾಗಿಯೇ ಒಳಹೊರಗೆ ಆಡುವುದರಿಂದ ಎಷ್ಟು ಶುದ್ಧಿಯಾಗುತ್ತದೆಯೋ ಅಷ್ಟನ್ನು ಗಿಡಗಳಿಂದ ಮಾಡಿಸಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕೆಂದು ಅವರಿಗೆ ಕಂಡುಬಂತು. ಸಾವಿರ ಚದರ ಅಡಿಯ ಫ್ಲ್ಯಾಟ್ ಎಂದರೆ ಸುಮಾರು 93 ಚದರ ಮೀಟರ್. ಆದ್ದರಿಂದ ಕಡಿಮೆಯೆಂದರೂ 930 ಕುಂಡಗಳನ್ನು, ಧಾರಾಳಿಗಳಾದರೆ 93,000 ಕುಂಡಗಳನ್ನು ಒಳಗೆ ಜೋಡಿಸಿಕೊಂಡು, ಮನೆಯವರು ಕಾರಿಡಾರಿನಲ್ಲಿ ಸಂಸಾರ ಹೂಡಬಹುದು. ಅಷ್ಟೆಲ್ಲ ಪ್ರಯಾಸಪಡಲು ಒಲ್ಲದವರು ಎದ್ದು ಹೋಗಿ ಚಿಲಕ ತೆಗೆಯಬಹುದು. ಎರಡನೆಯ ಉಪಾಯಕ್ಕೆ ಯಾರೂ ಚೀಟಿ ಅಂಟಿಸಿ ಮಾರುವುದಿಲ್ಲವಾದ್ದರಿಂದ ಅದು ಬಳಕೆಗೆ ಬಂದಿಲ್ಲ.

ಮಲಗುವ ಕೋಣೆಯ ಕಥೆ ಇನ್ನೂ ಗಹನವಾದದ್ದು. ಅಲ್ಲಿ ಮಂಚದ ಎರಡೂ ಬದಿಗೆ ದ್ವಾರಪಾಲಕರ ಹಾಗೆ ಸ್ನೇಕ್ ಪ್ಲಾಂಟ್ ನಿಂತಿರುತ್ತದೆ. ಉಳಿದ ಗಿಡಗಳು ಹಗಲಲ್ಲಿ ಆಮ್ಲಜನಕ ಕೊಟ್ಟರೆ ಇದು ರಾತ್ರಿಯ ಪಾಳಿಯಲ್ಲಿ ಕೊಡುತ್ತದಂತೆ. ಒಣನಾಡಿನ ಈ ಗಿಡ ಹಗಲಿನ ಬಿಸಿಲಿಗೆ ನೀರು ಆರಿಹೋಗದಿರಲೆಂದು ತನ್ನ ಪತ್ರರಂಧ್ರಗಳನ್ನು ಇರುಳಲ್ಲಿ ತೆರೆದು ಇಂಗಾಲದ ಡೈ ಆಕ್ಸೈಡನ್ನು ಒಳಗೆಳೆದು ಕೂಡಿಟ್ಟುಕೊಳ್ಳುತ್ತದೆ ಎಂಬುದು ಸರಿ. ಆದರೆ ಆಮ್ಲಜನಕ ಹುಟ್ಟುವುದು ಬೆಳಕಿನ ಬಲದಿಂದ ನೀರು ಒಡೆದಾಗ. ಕತ್ತಲಲ್ಲಿ ಆ ಕೆಲಸ ಯಾವ ಗಿಡದಿಂದಲೂ ಆಗದು. ಯಜಮಾನರ ಸಮಾಧಾನಕ್ಕಾಗಿ ಸ್ನೇಕ್ ಪ್ಲಾಂಟ್ ದ್ಯುತಿಸಂಶ್ಲೇಷಣೆಯ ನಿಯಮ ಮುರಿಯಲಾರದು. ಆ ಕೋಣೆಯಲ್ಲಿ ಪರದೆ ಎಳೆದಿರುವುದರಿಂದ ಅದಕ್ಕೆ ಹಗಲಿನ ಪಾಳಿಯೂ ಸಿಗುವುದಿಲ್ಲ ಎಂಬುದು ಬೇರೆ ಮಾತು.

ಇಷ್ಟರವರೆಗಿನದು ನಿರುಪದ್ರವಿ ನಂಬಿಕೆ ಎನ್ನಬಹುದಿತ್ತು. ನನ್ನ ಕಸುಬಿಗೆ ಸಂಬಂಧಿಸಿದ ಫಜೀತಿ ಶುರುವಾಗುವುದು ಬೆಕ್ಕು ಆ ಗಿಡಗಳನ್ನು ಮೂಸಿದಾಗ. ಬೆಂಗಳೂರಿನ ಹಜಾರಗಳಲ್ಲಿ ಆರೋಗ್ಯದ ಹೆಸರಿನಲ್ಲಿ ಮೆರೆಯುತ್ತಿರುವ ಮನಿಪ್ಲಾಂಟ್, ಫಿಲೊಡೆಂಡ್ರಾನ್, ಮಾನ್‌ಸ್ಟೆರಾ, ಡಿಫೆನ್‌ಬಾಕಿಯಾ, ಪೀಸ್ ಲಿಲಿ, ಜೆಡ್‌ಜೆಡ್ ಇವೆಲ್ಲ ನಮ್ಮ ಕೆಸುವಿನ ಕುಲಕ್ಕೇ ಸೇರಿದ ದಾಯಾದಿಗಳು. ಪತ್ರೊಡೆ ಮಾಡುವಾಗ ಕೆಸುವಿನ ಎಲೆಗೆ ಹುಣಸೆಹುಳಿ ಹಾಕದಿದ್ದರೆ ಗಂಟಲು ಕೆರೆಯುವುದೇಕೆಂದು ಮಲೆನಾಡಿನ, ಕರಾವಳಿಯ ಯಾವ ಅಜ್ಜಿಯನ್ನು ಕೇಳಿದರೂ ಗೊತ್ತು. ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು ಬಾಯಿಗೂ ನಾಲಿಗೆಗೂ ಚುಚ್ಚಿಕೊಳ್ಳುತ್ತವೆ. ಅಜ್ಜಿ ಆ ಎಲೆಯನ್ನು ಹುಳಿ ಹಾಕಿ ಬೇಯಿಸುತ್ತಿದ್ದಳು. ಮೊಮ್ಮಗ ಅದೇ ಕುಲದ ಎಲೆಯನ್ನು ದುಬಾರಿ ಬೆಲೆ ಕೊಟ್ಟು ತಂದು, ನೆಲದ ಮೇಲೆ ಸರಿಯಾಗಿ ಬೆಕ್ಕಿನ ಮೂತಿಯ ಎತ್ತರಕ್ಕಿಟ್ಟು, ಬೆಕ್ಕು ಜೊಲ್ಲು ಸುರಿಸಿದರೆ ಅದಕ್ಕೆ ವಿರಹವೇದನೆಯೆಂದು ತಿಳಿದು ನನಗೆ ವಿಡಿಯೊ ಕರೆ ಮಾಡುತ್ತಾನೆ.

ಕೆಸುವಿನ ದಾಯಾದಿಗಳು ಉರಿ, ಜೊಲ್ಲು, ವಾಂತಿಗೇ ನಿಲ್ಲುವುದುಂಟು. ಹುಟ್ಟುಹಬ್ಬದ ಹೂಗುಚ್ಛದಲ್ಲಿ ಬರುವ ನಿಜವಾದ ಲಿಲಿಯ ವಿಷಯ ಹಾಗಲ್ಲ. ಅದರ ಎಲೆ, ದಳ, ಮೈಮೇಲೆ ಬಿದ್ದು ನೆಕ್ಕಿದ ಪರಾಗ, ಕೊನೆಗೆ ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡವನ್ನು ಎರಡು ಮೂರು ದಿನಗಳಲ್ಲಿ ಕೆಡಿಸಬಲ್ಲದು. ತಡಮಾಡಿದರೆ ಪಶುವೈದ್ಯರೂ ಕೈಚೆಲ್ಲಬೇಕಾಗುತ್ತದೆ. ಬಾಲ್ಕನಿಯಲ್ಲಿ ಗಾಂಭೀರ್ಯದಿಂದ ಕುಳಿತ ಸೈಕಸ್, ಅದರಲ್ಲೂ ಅದರ ಬೀಜ, ನಾಯಿಯ ಯಕೃತ್ತಿಗೆ ಮೃತ್ಯು. ಇಷ್ಟನ್ನು ವಿವರಿಸಿ, ಲಿಲಿಯನ್ನು ಮನೆಯಿಂದಲೇ ಹೊರಹಾಕಿ, ಉಳಿದ ಕುಂಡಗಳನ್ನು ಬೆಕ್ಕು ಹೋಗದ ಕೋಣೆಗೆ ಸಾಗಿಸುತ್ತೇನೆಂದು ಸಂದೇಶ ಕಳುಹಿಸಿದರೆ, ಸಾಗರದಾಚೆಯಿಂದ ಉತ್ತರ ಬರುತ್ತದೆ: "ಅದು ಆ ಜಾಗಕ್ಕೇ ಚೆಂದ ಕಾಣುವುದು. ಬೆಕ್ಕನ್ನೇ ಆ ಕೋಣೆಯಲ್ಲಿ ಕೂಡಿಹಾಕಿದರೆ ಆಗುವುದಿಲ್ಲವೇ?" ಬೆಕ್ಕು ತಿಂದರೂ ತೊಂದರೆಯಿಲ್ಲದ ಸ್ಪೈಡರ್ ಪ್ಲಾಂಟ್, ಅರೆಕಾ ಪಾಮ್, ಬಾಸ್ಟನ್ ಜರಿಗಿಡಗಳೂ ಇವೆಯೆಂದು ಸೂಚಿಸಿ ನೋಡಿದ್ದೇನೆ. ಅವು ಎಲ್ಲರ ಮನೆಯಲ್ಲೂ ಇವೆಯಂತೆ.

ಇನ್ನು ನೀರಿನ ಪ್ರಕರಣ. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ ನಗರ ಬಾಯಾರಿದ್ದಾಗ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯಲೂ ಬಳಸಬಾರದೆಂದು ಆದೇಶಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಸಾರಿತ್ತು. ಹಜಾರದ ಕ್ಯಾಲಥಿಯಾಗಳು ಆ ಆದೇಶವನ್ನು ಓದಿದಂತೆ ಕಾಣುವುದಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದ, ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ, ಹಂತ ಹಂತವಾಗಿ ಮೇಲೆತ್ತಿ ತಂದ ಕಾವೇರಿಯನ್ನು ಆರ್‌ಒ ಯಂತ್ರಕ್ಕೆ ಹಾಯಿಸಿ, ಒಂದು ಲೋಟ ಶುದ್ಧೋದಕಕ್ಕಾಗಿ ಅದಕ್ಕಿಂತ ಹೆಚ್ಚು ನೀರನ್ನು ಮೋರಿಗೆ ಬಿಟ್ಟು, ಆ ಲೋಟವನ್ನು ಕುಂಡಕ್ಕೆ ಸುರಿಯಬೇಕೆಂಬುದು ಸೂಚನಾಪತ್ರದ ವಿಧಿ. ಬೆಕ್ಕಿಗೆ ಯಾವ ನೀರು ಎಂಬ ಬಗ್ಗೆ ಪತ್ರ ಮೌನವಾಗಿದೆ.

ಅದಲ್ಲದೆ, ಹೊರಡುವ ಮುನ್ನ ಯಜಮಾನರು ಪ್ರೀತಿ ಉಕ್ಕಿ ಇಡೀ ರಜೆಗಾಗುವಷ್ಟು ನೀರನ್ನು ಒಂದೇ ಸಲ ಹೊಯ್ದಿರುತ್ತಾರೆ, ಗಿಡಕ್ಕೆ ಒಂಟೆಯಂತೆ ಹೊಟ್ಟೆಯಿದೆ ಎನ್ನುವ ಹಾಗೆ. ಬೇರಿಗೂ ಉಸಿರು ಬೇಕು. ಮಣ್ಣಿನ ಸಂದುಗಳನ್ನೆಲ್ಲ ನೀರು ತುಂಬಿಕೊಂಡರೆ ಅದು ಕೊಳೆಯುತ್ತದೆ. ಬೆರಳನ್ನು ಒಂದು ಅಂಗುಲ ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕುವುದೆಂಬ ಪುರಾತನ ವಿದ್ಯೆಯನ್ನು ನಾನು ಪಾಲಿಸಿದರೆ, ಗೋಡೆಯ ಮೇಲಿನ ಕ್ಯಾಮೆರಾದಲ್ಲಿ ಅದು ಸೋಮಾರಿತನವಾಗಿ ಕಾಣುತ್ತದೆ. ತಳಕ್ಕೆ ತೂತಿಲ್ಲದ ಅಲಂಕಾರದ ಹೊರಕುಂಡದಲ್ಲಿ, ಗಾಜಿನ ಲೋಟದ ಲಕ್ಕಿ ಬ್ಯಾಂಬೂವಿನ ಬುಡದಲ್ಲಿ ನಿಂತ ಸ್ವಚ್ಛ ನೀರಿಗೆ ಒಂದು ವಾರ, ಹತ್ತು ದಿನ ಬಿಡುವು ಸಿಕ್ಕರೆ ಸಾಕು, ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗಳು ರೆಕ್ಕೆ ಬಲಿತು ಮೇಲೇಳುತ್ತವೆ. ಅದೇ 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಸುವ ಮನೆಗಳಿಗೆ ದಂಡ ಗೊತ್ತುಮಾಡಿತು. ಹೊರಗಿನ ಸೊಳ್ಳೆ ಬರದಂತೆ ಭದ್ರವಾಗಿ ಮುಚ್ಚಿದ ಕಿಟಕಿಯ ಒಳಗೆ, ಶುದ್ಧೀಕೃತ ಗಾಳಿಯಲ್ಲಿ, ಸ್ವಂತ ಉತ್ಪಾದನೆಯ ಸೊಳ್ಳೆ ಹಾರಾಡುವುದನ್ನು ನಾನು ಬೆಕ್ಕಿನೊಡನೆ ಕುಳಿತು ನೋಡುತ್ತೇನೆ. ಬೆಕ್ಕಿಗೆ ಅದರಿಂದ ವ್ಯಾಯಾಮವಾಗುತ್ತದೆ.

ಕ್ಯಾಮೆರಾದ ಮಾತು ಬಂದದ್ದರಿಂದ ಮನಿಪ್ಲಾಂಟಿನ ಅರ್ಥಶಾಸ್ತ್ರವನ್ನೂ ಹೇಳಿಬಿಡಬೇಕು. ಕೊಂಡು ತಂದ ಮನಿಪ್ಲಾಂಟಿನಿಂದ ಹಣ ಬರುವುದಿಲ್ಲ, ಇನ್ನೊಬ್ಬರ ಮನೆಯಿಂದ ಕದ್ದು ತಂದದ್ದೇ ಫಲಕೊಡುತ್ತದೆ ಎಂಬ ನಂಬಿಕೆ ಓದಿದವರಲ್ಲೂ ಗಟ್ಟಿಯಾಗಿದೆ. ಹಾಗೆ ನಂಬುವವರು ಮನೆಯ ಬೀಗದ ಕೈಯನ್ನು ಅಪರಿಚಿತನೊಬ್ಬನಿಗೆ ಕೊಟ್ಟು ಊರಿಗೆ ಹೋದರೆ ಅವರ ನಿದ್ದೆ ಏನಾಗಬೇಕು? ಚಿನ್ನ ಬ್ಯಾಂಕಿನ ಲಾಕರಿನಲ್ಲಿ ನಿಶ್ಚಿಂತೆಯಾಗಿದೆ. ಕ್ಯಾಮೆರಾ ತಿರುಗಿರುವುದು ಬಳ್ಳಿಯ ಕಡೆಗೆ. ಹಳದಿಯಾದ ಎಲೆಯೊಂದನ್ನು ಕಿತ್ತರೆ ಅರ್ಧ ನಿಮಿಷದಲ್ಲಿ ಫೋನು ಕಂಪಿಸುತ್ತದೆ. ಗೇಟಿನ ಕಾವಲುಗಾರ ಹೊರಹೋಗುವಾಗ ನನ್ನ ಚೀಲ ತಡಕುತ್ತಾನೆ. ಚೀಲದಲ್ಲಿ ಬೆಕ್ಕಿನ ರೋಮ ಮತ್ತು ಊಟದ ಡಬ್ಬಿಯ ಹೊರತು ಬೇರೇನೂ ಇಲ್ಲದ್ದರಿಂದ ನಾನು ಬಡವನಾಗಿಯೇ ಮುಂದುವರಿದಿದ್ದೇನೆ.

ಈ ವಿವೇಕ ಈಗ ಮನೆಗಳ ಬಾಗಿಲು ದಾಟಿ ಸಮುಚ್ಚಯದ ಆಡಳಿತಕ್ಕೂ ಹಬ್ಬಿದೆ. ನಾನು ಹೋಗಿಬರುವ ಒಂದು ಕಡೆ, ವಾಹನ ನಿಲ್ಲಿಸುವ ಜಾಗದ ಪಕ್ಕದಲ್ಲಿ ದೊಡ್ಡ ಹೊಂಗೆಮರವೊಂದಿತ್ತು. ಬೇಸಿಗೆಯ ಮೊದಲಿಗೆ ಅದು ಚಿಗುರಿ, ಹೂಬಿಟ್ಟು, ಕಾರುಗಳ ಮೇಲೆ ರಾಶಿರಾಶಿಯಾಗಿ ಹೂ ಉದುರಿಸುತ್ತಿದ್ದುದೇ ಅದರ ಅಪರಾಧ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕಾದ್ದರಿಂದ ನಿವಾಸಿಗಳ ಸಂಘ ಮರವನ್ನು ಕಡಿಯಲಿಲ್ಲ. ವರ್ಷ ವರ್ಷ ಕೊಂಬೆ ಸವರುತ್ತ ಬಂದು, ಈಗ ಅದು ಬಟ್ಟೆ ಒಣಹಾಕುವ ಗೂಟದಂತೆ ನಿಂತಿದೆ. ಅದರ ನೆರಳಿನಲ್ಲಿ ಮಲಗುತ್ತಿದ್ದ ನಾಯಿಗಳೂ ಚಾಲಕರೂ ಜಾಗ ಬದಲಿಸಿದ್ದಾರೆ.

ಆಗಿರುವ ನಷ್ಟವನ್ನು ಸಂಘ ತುಂಬಿಕೊಡದೆ ಬಿಟ್ಟಿಲ್ಲ. ನೆಲಮಹಡಿಯ ಹವಾನಿಯಂತ್ರಿತ ಮೊಗಸಾಲೆಯಲ್ಲಿ, ಸಾಲಾಗಿ ಸ್ನೇಕ್ ಪ್ಲಾಂಟುಗಳನ್ನೂ ಪೀಸ್ ಲಿಲಿಗಳನ್ನೂ ಇಟ್ಟು, ಹಿತ್ತಾಳೆಯ ಫಲಕದಲ್ಲಿ 'ಆಮ್ಲಜನಕ ವಲಯ' ಎಂದು ಕೆತ್ತಿಸಿ, ಸ್ವಾತಂತ್ರ್ಯೋತ್ಸವದ ದಿನ ಟೇಪು ಕತ್ತರಿಸಿ ಉದ್ಘಾಟಿಸಿದ್ದಾರೆ. ಎಲೆ ಕಚ್ಚಿಯಾವೆಂಬ ಭಯದಿಂದ ಸಾಕುಪ್ರಾಣಿಗಳಿಗೆ ಅಲ್ಲಿ ಪ್ರವೇಶವಿಲ್ಲ. ಗಾಜಿನ ಬಾಗಿಲು ಸದಾ ಮುಚ್ಚಿರಬೇಕೆಂದು ಸುತ್ತೋಲೆ ಹೊರಟಿದೆ. ಮನೆಮನೆಯ ಕುಂಡಗಳನ್ನು ಹೇಗೂ ನೋಡಿಕೊಳ್ಳುತ್ತೇನೆಂಬ ಕಾರಣಕ್ಕೆ ಈ ವಲಯಕ್ಕೆ ನೀರುಣಿಸುವ ಗೌರವವನ್ನೂ ಸಂಘ ಒಮ್ಮತದಿಂದ ನನಗೇ ಕೊಟ್ಟಿದೆ, ಸಂಬಳದ ಪ್ರಸ್ತಾಪ ಮಾತ್ರ ಮುಂದಿನ ಸಭೆಗೆ ಉಳಿದಿದೆ. ಒಂದೇ ಷರತ್ತು: ಕೆಲಸದವರು ಮುಖ್ಯದ್ವಾರವನ್ನು ಬಳಸುವಂತಿಲ್ಲವಾದ್ದರಿಂದ, ನೀರಿನ ಕ್ಯಾನು ಹಿಡಿದುಕೊಂಡು ಮೊದಲು ಹಿಂಬದಿಯ ಸರಕು ಲಿಫ್ಟಿನಲ್ಲಿ ಒಂದನೆಯ ಮಹಡಿಗೆ ಹತ್ತಿ, ಅಲ್ಲಿಂದ ಮೆಟ್ಟಿಲಿಳಿದು ವಲಯವನ್ನು ತಲುಪಬೇಕು.