ಹೊಲಿಗೆ ಹಾಕಿದ ಮೇಲೆ ಐದು ದಿನ ಆಂಟಿಬಯೋಟಿಕ್ ಎಂತಕ್ಕೆ?

ಇವತ್ತು ಬೆಳಿಗ್ಗೆ ಮತ್ತೊಂದು ಬಿಲ್ ನೋಡಿದೆ. ತೊಡೆಸಂದಿನ ಹರ್ನಿಯಾ, ಜಾಲರಿ ಹಾಕಿದ ಆಪರೇಷನ್. ಕೀವಿಲ್ಲ, ಜ್ವರವಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಆದರೂ ಮೂರು ದಿನ, ದಿನಕ್ಕೆರಡು ಸಲ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಇಂಜೆಕ್ಷನ್. ಮನೆಗೆ ಹೊರಡುವಾಗ ಐದು ದಿನಕ್ಕೆ ಮಾತ್ರೆ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ, ಇದು ಒಂದೇ ಕಡೆಯ ಅಭ್ಯಾಸವೂ ಅಲ್ಲ. ಈ ವಿಷಯವನ್ನು ನಾನು ಎಷ್ಟು ಸಲ ಎತ್ತಿದ್ದೇನೆ ಎಂದು ನನ್ನ ಸ್ನೇಹಿತರಿಗೆ ಗೊತ್ತುಂಟು. ಮತ್ತೆ ಎತ್ತುತ್ತೇನೆ, ಯಾಕೆಂದರೆ ಆ ಬಿಲ್ ಕಟ್ಟಿದವರಿಗೆ ಅದರಲ್ಲಿ ಯಾವುದು ಬೇಡವಾಗಿತ್ತು ಎಂದು ತಿಳಿಯುವ ದಾರಿಯೇ ಇಲ್ಲ.

ಇಂಥ ಶುದ್ಧ ಆಪರೇಷನ್ನಿಗೆ ಹೆಚ್ಚೆಂದರೆ ಒಂದು ಡೋಸ್ ಸಾಕು. ಅದನ್ನೂ ಕತ್ತಿ ತಾಗುವ ಮೊದಲೇ ಕೊಡಬೇಕು. ಇದು ಹೊಸ ಸಂಗತಿ ಅಲ್ಲ ಮಾರಾಯ್ರೆ. 1961ರಲ್ಲೇ ಜಾನ್ ಬರ್ಕ್ ಎಂಬ ಅಮೆರಿಕದ ಸರ್ಜನ್ ಗಿನಿ ಹಂದಿಗಳ ಚರ್ಮಕ್ಕೆ ಸ್ಟ್ಯಾಫಿಲೋಕಾಕಸ್ ಎಂಬ ರೋಗಾಣು ಚುಚ್ಚಿ ನೋಡಿದ್ದರು. ರೋಗಾಣು ಒಳಹೋಗುವ ಮೊದಲೇ ಔಷಧ ರಕ್ತದಲ್ಲಿದ್ದರೆ ಕೆಲಸ ಮಾಡಿತು. ಮೂರು ಗಂಟೆ ಕಳೆದ ಮೇಲೆ ಕೊಟ್ಟದ್ದು ಕೊಡದಿದ್ದುದಕ್ಕೆ ಸಮವಾಯಿತು. 1992ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಆಸ್ಪತ್ರೆಯೊಂದು 2,847 ರೋಗಿಗಳ ಲೆಕ್ಕ ತೆಗೆಯಿತು. ಕೊಯ್ಯುವ ಮೊದಲಿನ ಎರಡು ಗಂಟೆಯೊಳಗೆ ಔಷಧ ಸಿಕ್ಕವರಲ್ಲಿ ಗಾಯದ ಸೋಂಕು ಶೇ. 0.6. ಅದಕ್ಕಿಂತ ಬಹಳ ಮುಂಚೆ ಸಿಕ್ಕವರಲ್ಲಿ ಶೇ. 3.8, ಕೊಯ್ದು ಮೂರು ಗಂಟೆ ಕಳೆದ ಮೇಲೆ ಸಿಕ್ಕವರಲ್ಲಿ ಶೇ. 3.3. ಔಷಧ ಒಂದೇ, ಗಡಿಯಾರ ಮಾತ್ರ ಬೇರೆ. ಆಪರೇಷನ್ ಮುಗಿದ ಮೇಲೆ ಸೋಂಕು ತಡೆಯಲೆಂದು ಆಂಟಿಬಯೋಟಿಕ್ ಮುಂದುವರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಸ್ಪಷ್ಟವಾಗಿ ಹೇಳಿದೆ.

ನಮ್ಮಲ್ಲಿ ತಪ್ಪುವುದು ಆ ಮೊದಲ ಡೋಸ್. ಎಂಟು ಗಂಟೆಯ ಕೇಸ್ ಎಂದು ಬೆಳಿಗ್ಗೆ ಆರಕ್ಕೆ ವಾರ್ಡಿನಲ್ಲೇ ಸಿಸ್ಟರ್ ಕೊಡುತ್ತಾರೆ. ಹಿಂದಿನ ಕೇಸ್ ಉದ್ದವಾಗಿ ರೋಗಿ ಟೇಬಲ್ ಹತ್ತುವುದು ಹನ್ನೊಂದಕ್ಕೆ. ಈ ಡೋಸಿಗೆ ಬಳಸುವ ಆಂಟಿಬಯೋಟಿಕ್ ಸೆಫಜೋಲಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಯುವ ಔಷಧ, ಕೊಯ್ಯುವಾಗ ರಕ್ತದಲ್ಲಿ ಎಷ್ಟು ಉಳಿದೀತು? ಇದಕ್ಕೆ ಮದ್ದು ಸರಳ. ಡೋಸನ್ನು ವಾರ್ಡಿನಿಂದ ತೆಗೆದು ಥಿಯೇಟರಿಗೆ ತನ್ನಿ, ಅರಿವಳಿಕೆ ವೈದ್ಯರ ಕೈಗೆ ಕೊಡಿ. ವಯಸ್ಕರಿಗೆ 2 ಗ್ರಾಂ, 120 ಕಿಲೋ ದಾಟಿದವರಿಗೆ 3 ಗ್ರಾಂ, ಕೊಯ್ಯುವ ಮೊದಲಿನ 60 ನಿಮಿಷದೊಳಗೆ. ಮಂಡಿ ಆಪರೇಷನ್ನಿಗೆ ರಕ್ತ ತಡೆಯಲು ತೊಡೆಗೆ ಪಟ್ಟಿ ಬಿಗಿಯುವ ಮೊದಲೇ ಔಷಧ ಪೂರ್ತಿ ಹೋಗಿರಬೇಕು, ಬಿಗಿದ ಮೇಲೆ ಅದು ಗಾಯಕ್ಕೆ ತಲುಪುವುದಿಲ್ಲ. ಆಪರೇಷನ್ ನಾಲ್ಕು ಗಂಟೆ ದಾಟಿದರೆ ಅಥವಾ ಒಂದೂವರೆ ಲೀಟರ್ ರಕ್ತ ಹೋದರೆ ಮತ್ತೊಂದು ಡೋಸ್. ಸಿಸೇರಿಯನ್ನಿಗೂ ಕೊಯ್ಯುವ ಮೊದಲೇ, ಹೊಕ್ಕುಳಬಳ್ಳಿ ಕತ್ತರಿಸುವವರೆಗೆ ಕಾಯುವುದಲ್ಲ. ಇನ್ನು ಸೆಫ್ಟ್ರಿಯಾಕ್ಸೋನ್ ಹೊಸದು, ಹಾಗಾಗಿ ಒಳ್ಳೆಯದು ಎಂಬ ನಂಬಿಕೆಯೊಂದುಂಟು. ಚರ್ಮದ ಸ್ಟ್ಯಾಫಿಲೋಕಾಕಸ್ಸಿಗೆ ಹಳೆಯ ಸೆಫಜೋಲಿನ್ನೇ ಹೆಚ್ಚು ಪರಿಣಾಮಕಾರಿ.

“ಅದೆಲ್ಲ ಅಮೆರಿಕದ ಲೆಕ್ಕ. ನಮ್ಮದು ಕರಾವಳಿ, ಜೂನಿನಿಂದ ಸೆಪ್ಟೆಂಬರ್ ತನಕ ಮಳೆ, ಬೆವರು, ಗದ್ದೆಯ ಕೆಸರು. ರೋಗಿ ಮನೆಗೆ ಹೋದ ಮೇಲೆ ಯಾರು ಜವಾಬ್ದಾರಿ?” ಈ ಪ್ರಶ್ನೆಯನ್ನು ಹಿರಿಯರೇ ಕೇಳುತ್ತಾರೆ. ಉತ್ತರ ಗಾಯದಲ್ಲೇ ಉಂಟು. ಸರಿಯಾಗಿ ಹೊಲಿದ ಗಾಯದ ಅಂಚು 24ರಿಂದ 48 ಗಂಟೆಯಲ್ಲಿ ಮುಚ್ಚಿಕೊಳ್ಳುತ್ತದೆ. ರೋಗಾಣು ಒಳಹೊಗುವುದು ಹೆಚ್ಚಾಗಿ ಥಿಯೇಟರಿನಲ್ಲಿ, ಗದ್ದೆಯಲ್ಲಿ ಅಲ್ಲ. ಉಪಕರಣಗಳನ್ನು ಹಬೆಯಲ್ಲಿ ಶುದ್ಧಿಮಾಡುವ ಆಟೋಕ್ಲೇವ್ ಸರಿಯಿಲ್ಲದಿದ್ದರೆ, ಹಿಂದಿನ ರಾತ್ರಿ ರೇಜರಿನಲ್ಲಿ ಬೋಳಿಸಿ ಚರ್ಮ ಗೀರಿದರೆ, ಚರ್ಮಕ್ಕೆ ಹಚ್ಚಿದ ರೋಗಾಣುನಾಶಕ ಕ್ಲೋರ್‌ಹೆಕ್ಸಿಡಿನ್ ಒಣಗುವ ಮೊದಲೇ ಬಟ್ಟೆ ಹೊದೆಸಿದರೆ ಐದು ದಿನದ ಮಾತ್ರೆ ಅದನ್ನು ಸರಿಮಾಡಲಾರದು. ಅಪೆಂಡಿಕ್ಸ್ ಒಡೆದು ಹೊಟ್ಟೆಯಲ್ಲಿ ಕೀವು ತುಂಬಿದ್ದರೆ ಮಾತು ಬೇರೆ, ಅದು ಚಿಕಿತ್ಸೆ. ಅಲ್ಲಿಯೂ ಕೀವು ತೆಗೆದ ಮೇಲೆ ಸುಮಾರು ನಾಲ್ಕು ದಿನ ಕೊಟ್ಟರೂ ಎಂಟು ದಿನ ಕೊಟ್ಟರೂ ಫಲಿತಾಂಶ ಒಂದೇ ಎಂದು 2015ರಲ್ಲಿ 518 ರೋಗಿಗಳ ಅಧ್ಯಯನ ತೋರಿಸಿತು.

ಖರ್ಚು ಎಂದರೆ ಬರೀ ಔಷಧದ ಬೆಲೆಯಲ್ಲ. ಪ್ರತಿ ಡೋಸಿಗೆ ಸಿರಿಂಜ್, ಔಷಧ ಕಲಸುವ ನೀರು, ಐವಿ ಸೆಟ್, ಸಿಸ್ಟರ್ ಸಮಯ. ಮೂರನೆಯ ದಿನ ಕೈ ಊದಿ ನರಕ್ಕೆ ಹಾಕಿದ ಕೊಳವೆ (ಕ್ಯಾನುಲಾ) ಬದಲಿಸಬೇಕು. ಇಂಜೆಕ್ಷನ್ ಉಂಟು ಎಂಬ ಒಂದೇ ಕಾರಣಕ್ಕೆ ಇನ್ನೆರಡು ದಿನ ಹಾಸಿಗೆ, ಜೊತೆಗೆ ನಿಂತವರ ಊಟ, ತಪ್ಪಿದ ಕೂಲಿ. ಮನೆಗೆ ಹೋದ ಮೇಲೆ ಭೇದಿ. ಮುಂದೊಂದು ದಿನ ಅದೇ ಮನುಷ್ಯನಿಗೆ ಮೂತ್ರದ ಸೋಂಕಾದಾಗ ಕಲ್ಚರ್ ವರದಿಯಲ್ಲಿ ಸಾಲುಸಾಲಾಗಿ ‘ಆರ್’, ಅಂದರೆ ಆ ಔಷಧಕ್ಕೆ ರೋಗಾಣು ಬಗ್ಗುವುದಿಲ್ಲ ಎಂದು.

ನನಗೆ ಹೆಚ್ಚು ಸಂಕಟವಾಗುವುದು ಇಲ್ಲಿ: ನಮಗೆ ನಮ್ಮದೇ ಲೆಕ್ಕವಿಲ್ಲ. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು (ಕೆಎಂಸಿ) ಶುರುವಾದಾಗಿನಿಂದ ವೈದ್ಯರನ್ನು ತಯಾರು ಮಾಡುತ್ತಿರುವ ಸೀಮೆ ಇದು. ಆದರೂ ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡವರು ಹೊಲಿಗೆ ಬಿಚ್ಚಿಸುವುದು ಸುಳ್ಯದಲ್ಲೋ ಬೆಳ್ತಂಗಡಿಯಲ್ಲೋ ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ. ಕೀವು ಬಂದರೆ ಕಾಣುವುದೂ ಅಲ್ಲಿಯ ವೈದ್ಯರಿಗೇ. ಕೊಯ್ದ ಆಸ್ಪತ್ರೆಯ ಪುಸ್ತಕದಲ್ಲಿ ಸೋಂಕು ಸೊನ್ನೆ. ಮತ್ತೊಂದು ಕಡೆ, ಕಳೆದ ತಿಂಗಳು ಒಬ್ಬರ ಗಾಯ ಬಿಟ್ಟುಕೊಂಡಿತೆಂದು ಸರ್ಜನ್ ಮುಂದಿನ ನೂರು ಜನರಿಗೆ ಏಳು ದಿನ ಬರೆಯುತ್ತಾರೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ, ಒಂದು ಕೆಟ್ಟ ಗಾಯ ವೈದ್ಯರ ನಿದ್ದೆ ಕೆಡಿಸುತ್ತದೆ. ಆದರೆ ನೂರಕ್ಕೆ ಎರಡು ಸೋಂಕು ಸಹಜವಾಗಿರುವ ಕಡೆ ಒಂದು ತಿಂಗಳು ಸೊನ್ನೆ, ಮತ್ತೊಂದು ತಿಂಗಳು ನಾಲ್ಕು ಬರುವುದೂ ಸಹಜ. ಕೆಲವು ನೂರು ಕೇಸ್ ಒಟ್ಟಿಗೆ ಇಟ್ಟು ನೋಡದೆ ಏನನ್ನೂ ಹೇಳಲಾಗದು.

ಇದಕ್ಕೆ ಸಾಫ್ಟ್‌ವೇರ್ ಬೇಡ. ಥಿಯೇಟರ್ ರಿಜಿಸ್ಟರಿನಲ್ಲಿ ಮೂರು ಕಾಲಂ ಗೀರಿ: ಡೋಸ್ ಕೊಟ್ಟ ಗಂಟೆ, ಕೊಯ್ದ ಗಂಟೆ, ಕೊನೆಯ ಡೋಸಿನ ದಿನಾಂಕ. ಮೂವತ್ತನೆಯ ದಿನ ರೋಗಿಗೆ ಒಂದು ಫೋನ್, ಜಾಲರಿ ಅಥವಾ ಕೃತಕ ಕೀಲು ಹಾಕಿದ್ದರೆ ತೊಂಬತ್ತನೆಯ ದಿನ ಇನ್ನೊಂದು. ಬೇಕಾದರೆ ತುಳುವಿನಲ್ಲೋ ಬ್ಯಾರಿಯಲ್ಲೋ ಮಾತಾಡಿ, ಆದರೆ “ಹುಷಾರಿದ್ದೀರಾ” ಎಂದು ಕೇಳಿ ಇಟ್ಟುಬಿಡಬೇಡಿ. ಗಾಯದಿಂದ ಕೀವು ಬಂತಾ, ಯಾರಾದರೂ ಹೊಲಿಗೆ ಬಿಡಿಸಿ ತೊಳೆದರಾ, ಬೇರೆ ಕಡೆ ಆಂಟಿಬಯೋಟಿಕ್ ಬರೆದರಾ ಎಂದು ಕೇಳಿ. ಉತ್ತರವನ್ನು ಅದೇ ಸಾಲಿನಲ್ಲಿ, ಸರ್ಜನ್ನರ ಕಣ್ಣಿಗೆ ಬೀಳುವಂತೆ ಬರೆಯಿರಿ.