ಸ್ಪಷ್ಟನೆ: ಕೋಬೆಯ ಕಿಟಾನೊ ಬಡಾವಣೆ ಹಳೆಯ ‘ವಿದೇಶಿ ವಸಾಹತು’ ಅಲ್ಲ

ಜಪಾನಿನ ಕೋಬೆ ಬಂದರು ನಗರದ ಮಾರ್ಗದರ್ಶಿತ ಕಾಲ್ನಡಿಗೆ ಪ್ರವಾಸದ ಬಗ್ಗೆ ನಾನು ಬರೆದ ಟಿಪ್ಪಣಿಯಲ್ಲಿ, ಬೆಟ್ಟದ ತಪ್ಪಲಿನ ಕಿಟಾನೊ ಬಡಾವಣೆಯೇ 1868ರ ವಿದೇಶಿ ವಸಾಹತು (ವಿದೇಶಿಯರ ವಾಸ, ವ್ಯಾಪಾರಕ್ಕೆ ಮೀಸಲಿಟ್ಟ ಪ್ರದೇಶ) ಎಂದು ಹೇಳಿದ್ದೆ. ಅದು ತಪ್ಪು, ಆದರೂ ಆ ಟಿಪ್ಪಣಿ ಹಲವು ಗುಂಪುಗಳಲ್ಲಿ ಹರಿದಾಡುತ್ತಿದೆ.

1868ರ ಜನವರಿ 1ರಂದು ಬಂದರು ವಿದೇಶಿ ವ್ಯಾಪಾರಕ್ಕೆ ತೆರೆದಾಗ ಗೊತ್ತುಪಡಿಸಿದ ವಸಾಹತು ಸಮುದ್ರತೀರದ ಸಮತಟ್ಟು ನೆಲದಲ್ಲಿತ್ತು; ಬ್ರಿಟಿಷ್ ಎಂಜಿನಿಯರ್ ಜಾನ್ ವಿಲಿಯಂ ಹಾರ್ಟ್ ಯೋಜಿಸಿದ ಅದರಲ್ಲಿ 126 ನಿವೇಶನಗಳಿದ್ದವು. ಅದು ಸಕಾಲಕ್ಕೆ ಸಿದ್ಧವಾಗದ ಕಾರಣ ಹೊರಗಿನ ಕೆಲವು ಪ್ರದೇಶಗಳಲ್ಲಿ ವಿದೇಶಿಯರು ಜಪಾನಿಯರ ನಡುವೆಯೇ ನೆಲೆಸಲು ಅನುಮತಿ ದೊರೆಯಿತು. ಕಿಟಾನೊ ಅಂಥ ಮಿಶ್ರ ವಸತಿ ಪ್ರದೇಶ. ಅಲ್ಲಿನ ಪ್ರಸಿದ್ಧ ಗಾಳಿಕೋಳಿಯ (ಗಾಳಿಯ ದಿಕ್ಕು ತೋರಿಸುವ ಕೋಳಿಯಾಕೃತಿಯ) ಇಟ್ಟಿಗೆ ಮನೆಯನ್ನು ಜರ್ಮನ್ ವ್ಯಾಪಾರಿಯೊಬ್ಬರು ಕಟ್ಟಿಸಿದ್ದು 1909ರ ಸುಮಾರಿಗೆ, ಅಂದರೆ 1899ರಲ್ಲಿ ವಸಾಹತಿನ ಆಡಳಿತ ಜಪಾನಿಗೆ ಮರಳಿದ ನಂತರ. ಹಾಗಾಗಿ ಆ ಮನೆಯೂ ವಸಾಹತು ಕಾಲದ್ದಲ್ಲ.

ಹಳೆಯ ವಸಾಹತಿನೊಳಗೆ ಆ ಕಾಲದ್ದೆಂದು ಉಳಿದಿರುವುದು ತೀರದ ಬಳಿಯ ‘15ನೆಯ ಸಂಖ್ಯೆಯ ಕಟ್ಟಡ’. ಅದೂ 1995ರ ಭೂಕಂಪದಲ್ಲಿ ಕುಸಿದು, 1998ರಲ್ಲಿ ಮರಳಿ ನಿಂತದ್ದು. ನನಗೆ ಇದು ಕಿಟಾನೊದ ಯಾವ ಮನೆಗಿಂತಲೂ ಮನಮುಟ್ಟುವ ತಾಣ.

ಹಳೆಯ ಟಿಪ್ಪಣಿಯನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ತಿದ್ದುಪಡಿಯನ್ನೂ ತಲುಪಿಸಿ.